ಬಳ್ಳಾರಿ ಸೀಮೆಯ ಹಳೆಯ ಪಾಠಶಾಲೆಗಳೂ ಅಕ್ಷರಪರೀಕ್ಷೆಯೂ

ಬಾಲಕನಿಗೆ ಓದು ಬಂದಿತೆಂದು ನಿರ್ಣಯಿಸುವ ಬಗೆ ಯಾವುದು? ಪುಸ್ತಕವನ್ನು ಮುಂದಿಟ್ಟುಕೊಂಡು ಗಟ್ಟಿಯಾಗಿ ಹೇಳಿದ ಮಾತ್ರಕ್ಕೆ ಅದನ್ನು ಓದೆಂದು ಕರೆಯಬಹುದೇ? ಈ ಪ್ರಶ್ನೆಯು ಹೊಸದಲ್ಲ. ಇನ್ನೂರು ವರ್ಷಗಳ ಹಿಂದೆಯೇ ನಮ್ಮ ನಾಡಿನಲ್ಲಿ ಎದ್ದುದಾಗಿದೆ.

1822ರಲ್ಲಿ ಮದರಾಸಿನ ಗವರ್ನರರಾಗಿದ್ದ ಸರ್ ಥಾಮಸ್ ಮನ್ರೋ ಅವರು ದೇಶೀಯ ಪಾಠಶಾಲೆಗಳ ಸ್ಥಿತಿಯನ್ನು ತಿಳಿಸುವಂತೆ ಎಲ್ಲ ಕಲೆಕ್ಟರರಿಗೂ ಆಜ್ಞಾಪಿಸಿದರು. ಬಳ್ಳಾರಿಯ ಕಲೆಕ್ಟರರಾದ ಎ. ಡಿ. ಕ್ಯಾಂಬೆಲ್ ಅವರು 1823ರ ಆಗಸ್ಟಿನಲ್ಲಿ ಕಳುಹಿಸಿದ ವರದಿಯು ಇವುಗಳಲ್ಲಿ ಬಹು ಬೆಲೆಯುಳ್ಳದು. ಆಗ ಆ ಜಿಲ್ಲೆಯಲ್ಲಿ 533 ಶಾಲೆಗಳೂ 6,641 ವಿದ್ಯಾರ್ಥಿಗಳೂ ಇದ್ದರು. ಕನ್ನಡ ಶಾಲೆಗಳು 235, ತೆಲುಗು ಶಾಲೆಗಳು 226. ಲಿಂಗವಂತರ ಮಕ್ಕಳು ಬಸವಪುರಾಣ, ರಾಘವಾಂಕಕಾವ್ಯ, ಗಿರಿಜಾಕಲ್ಯಾಣ, ಚೆನ್ನಬಸವಪುರಾಣ ಮೊದಲಾದವುಗಳನ್ನು ಓದುತ್ತಿದ್ದರೆಂದು ಅದರಲ್ಲಿ ಹೇಳಿದೆ.

ಐದನೆಯ ವಯಸ್ಸಿನಲ್ಲಿ ಮಗುವನ್ನು ಶಾಲೆಗೆ ಸೇರಿಸುವುದು ರೂಢಿಯಾಗಿತ್ತು. ಮೊದಲು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದು. ತರುವಾಯ ಹಲಗೆ, ಇಲ್ಲವೆ ಕಪ್ಪು ಬಳಿದ ಬಟ್ಟೆಯ ಕಡತ. ಬಳಿಕ ಓಲೆ, ಕಾಗದ. ಸಾಮಾನ್ಯವಾಗಿ ನಾಲ್ಕು ತರಗತಿಗಳು. ಕೆಳಗಿನವರಿಗೆ ಮೇಲಿನವರು ಕಲಿಸುವರು. ಉಪಾಧ್ಯಾಯನ ಕಣ್ಣು ಎಲ್ಲರ ಮೇಲೂ ಇರುವುದು. ವರ್ಷಾಂತ್ಯದ ಪರೀಕ್ಷೆಗಾಗಿ ಕಾಯದೆ, ಶಕ್ತಿಯನ್ನೂ ಪ್ರಗತಿಯನ್ನೂ ನೋಡಿಯೇ ಬಾಲಕನನ್ನು ಮೇಲಕ್ಕೆ ಏರಿಸುತ್ತಿದ್ದರು. ಮರಳಿನಲ್ಲಿ ಬರೆಯಲಾರದವನು ಬರೆದಂತೆ ನಟಿಸಲಾರನು. ತಪ್ಪು ಒಡನೆಯೇ ಕಾಣುವುದು, ಒಡನೆಯೇ ಅಳಿಸುವುದು.

ಕ್ಯಾಂಬೆಲ್ ಅವರು ಅಲ್ಪವೆಚ್ಚದ ಈ ಬರವಣಿಗೆಯನ್ನೂ ಹಿರಿಯ ವಿದ್ಯಾರ್ಥಿಗಳಿಂದ ಕಿರಿಯರಿಗೆ ಕಲಿಸುವ ಕ್ರಮವನ್ನೂ ಹೊಗಳಿದ್ದಾರೆ. ಆದರೆ ಓದಿನ ವಿಷಯದಲ್ಲಿ ಅವರ ಆಕ್ಷೇಪಣೆ ಕಠಿಣವಾಗಿದೆ. ಕಾವ್ಯದ ಭಾಷೆ ಬೇರೆ, ಮನೆಯ ಮಾತು ಬೇರೆ. ಮಕ್ಕಳು ಪದ್ಯಗಳನ್ನು ಅರ್ಥವರಿಯದೆ ಗಿಳಿಗಳಂತೆ ಒಪ್ಪಿಸುವರೆಂದು ಅವರು ಬರೆದರು. ಪರಕೀಯ ಅಧಿಕಾರಿಯ ಮಾತೆಂದು ಇದನ್ನು ತಳ್ಳಿಬಿಡುವುದು ಉಚಿತವಲ್ಲ. ಬಾಯಿಪಾಠವು ಸ್ಮರಣಶಕ್ತಿಗೆ ಸಾಕ್ಷಿ, ಓದಿಗೆ ಅಲ್ಲ. ವರ್ಣಮಾಲೆಯನ್ನು ಅಕಾರದಿಂದ ಳಕಾರದವರೆಗೆ ತಡವರಿಸದೆ ಹೇಳುವ ಮಗುವು, ನಡುವಿನ ಒಂದು ಅಕ್ಷರವನ್ನು ತೋರಿಸಿದರೆ ಮೌನವಾಗುವುದುಂಟು.

ಕನ್ನಡದಲ್ಲಿ ಮೂಲಾಕ್ಷರಗಳೊಡನೆ ಕಾಗುಣಿತವೂ ಒತ್ತಕ್ಷರಗಳೂ ಸೇರಿ ರೂಪಗಳು ಬಹಳವಾಗುವುವು. ಇವುಗಳ ಕಲಿಕೆಯು ನಾಲ್ಕನೆಯ ತರಗತಿಯವರೆಗೂ ಮುಂದುವರಿಯುವುದೆಂದು ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ತಿಳಿಯುವುದು. ಆದುದರಿಂದ ಮೊದಲ ವರ್ಷದಲ್ಲಿಯೇ ಮಗುವನ್ನು ದಡ್ಡನೆಂದು ತೀರ್ಮಾನಿಸುವುದು ಅನ್ಯಾಯ. ‘ಪ್ರಥಮ್’ ಸಂಸ್ಥೆಯವರು 2005ರಲ್ಲಿ ಆರಂಭಿಸಿದ ‘ಅಸರ್’ ಸಮೀಕ್ಷೆಯಲ್ಲಿ ಹಳ್ಳಿಯ ಮಕ್ಕಳನ್ನು ಮನೆಯಲ್ಲಿಯೇ ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು, ಅಕ್ಷರ, ಪದ, ಒಂದನೆಯ ತರಗತಿಯ ಮಟ್ಟದ ವಾಕ್ಯಗಳು, ಎರಡನೆಯ ತರಗತಿಯ ಮಟ್ಟದ ಕಥೆ ಎಂಬ ಮೆಟ್ಟಿಲುಗಳಲ್ಲಿ ಓದಿಸುವರು. ಇಲ್ಲಿ ಬಾಯಿಪಾಠಕ್ಕೆ ಎಡೆಯಿಲ್ಲ. ಆದರೆ ಅದು ಒಂದು ದಿನದ ಅಳತೆ. ಹಳೆಯ ಗುರುವಿನದು ದಿನದಿನದ ನೋಟ. ಇವೆರಡೂ ಕೂಡಿರಬೇಕು.

ಕ್ಯಾಂಬೆಲ್ ಅವರ ಇನ್ನೊಂದು ಮಾತನ್ನು ಮರೆಯಲಾಗದು. ಬಡತನದಿಂದ ತಂದೆತಾಯಿಗಳು ಎಳೆಯ ಮಕ್ಕಳನ್ನೇ ದುಡಿಮೆಗೆ ಹಚ್ಚುತ್ತಿದ್ದರು. ಹಿಂದೆ ಶಾಲೆಗಳಿದ್ದ ಅನೇಕ ಊರುಗಳಲ್ಲಿ ಆಗ ಒಂದೂ ಉಳಿದಿರಲಿಲ್ಲ. ಎಷ್ಟು ಸೂಕ್ಷ್ಮವಾದ ಪರೀಕ್ಷೆಯಾದರೂ ಮುಂದೆ ಬಂದು ಕುಳಿತ ಮಗುವನ್ನೇ ಅಳೆಯಬಲ್ಲುದು. ಬಾರದ ಮಗುವನ್ನು ಹುಡುಕಿ ತರುವುದು ಊರಿನ ಹೊಣೆ. ಮಠಮಾನ್ಯಗಳಿಗೂ ಇದರಲ್ಲಿ ಪಾಲುಂಟು.