ನಾಯಕರಿಗೆ ಕಡಿವಾಣ ಹಾಕಿದ್ದು ಹೇಗೆ? ಕೃಷ್ಣದೇವರಾಯನ ಕಾಲದ ಆಡಳಿತದ ಒಳಗುಟ್ಟು

ಹೊಸಪೇಟೆ: ಹಂಪಿಗೆ ಹೋದವರೆಲ್ಲ ಮಹಾನವಮಿ ದಿಬ್ಬ ಹತ್ತಿ ಫೋಟೊ ತೆಗೆಸಿಕೊಂಡು ಬರ್ತಾರೆ. ಆದರೆ ಅದು ಬರೀ ಹಬ್ಬ ನೋಡೋ ಜಾಗ ಆಗಿರಲಿಲ್ಲ. ಸಾಮ್ರಾಜ್ಯದ ದೊಡ್ಡ ದೊಡ್ಡ ನಾಯಕರು ವರ್ಷಕ್ಕೊಮ್ಮೆ ರಾಯನ ಮುಂದೆ ತಲೆಬಾಗಿ, ಲೆಕ್ಕ ಒಪ್ಪಿಸುವ ಹೊತ್ತೂ ಅದೇ ಹಬ್ಬ. ಸ್ವಂತ ಸೈನ್ಯ, ಸ್ವಂತ ಆದಾಯ ಇದ್ದ ಈ ನಾಯಕರನ್ನು ಕೃಷ್ಣದೇವರಾಯ (ಆಳ್ವಿಕೆ 1509–1529) ಹಿಡಿತದಲ್ಲಿ ಇಟ್ಟುಕೊಂಡಿದ್ದು ಹೇಗೆ? ಇಲ್ಲಿದೆ ವಿವರ.

ಯಾರು ಈ ಅಮರನಾಯಕರು?

ಇಡೀ ದಕ್ಷಿಣ ಭಾರತವನ್ನು ರಾಜಧಾನಿಯಲ್ಲಿ ಕೂತು ಒಬ್ಬನೇ ಆಳೋಕೆ ಆಗಲ್ಲ. ಅದಕ್ಕೇ ರಾಯರು ಸೇನಾನಾಯಕರಿಗೆ ಸೀಮೆಗಳನ್ನು ಬಿಟ್ಟುಕೊಡುತ್ತಿದ್ದರು. ಇದೇ ನಾಯಂಕರ ಪದ್ಧತಿ. ಭೂಮಿ ಮಾತ್ರ ರಾಯನದೇ. ನಾಯಕ ಅಲ್ಲಿನ ಕಂದಾಯ ಎತ್ತಬಹುದು, ಆದರೆ ಎರಡು ಷರತ್ತು: ಗೊತ್ತುಪಡಿಸಿದಷ್ಟು ಕಾಲಾಳು, ಕುದುರೆ, ಆನೆ ಸಾಕಬೇಕು, ಪ್ರತಿ ವರ್ಷ ರಾಯನಿಗೆ ಹಣ ಕಟ್ಟಬೇಕು.

1520ರ ಸುಮಾರಿಗೆ ಇಲ್ಲಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಯಾರ ಆದಾಯ ಎಷ್ಟೋ ಅದಕ್ಕೆ ತಕ್ಕಂತೆ ಅವರ ಸೈನ್ಯದ ಸಂಖ್ಯೆಯನ್ನು ರಾಯನೇ ನಿಗದಿ ಮಾಡ್ತಿದ್ದ ಎಂದು ಬರೆದಿದ್ದಾನೆ. 1535ರ ಸುಮಾರಿಗೆ, ಅಂದರೆ ಅಚ್ಯುತರಾಯನ ಕಾಲದಲ್ಲಿ, ಬರೆದ ಕುದುರೆ ವ್ಯಾಪಾರಿ ನೂನಿಜ್ ಲೆಕ್ಕವನ್ನೇ ಕೊಡುತ್ತಾನೆ. ಅವನ ಪ್ರಕಾರ ನಾಯಕರ ಭೂಮಿಯ ಹುಟ್ಟುವಳಿ 120 ಲಕ್ಷ ವರಹ. ಅದರಲ್ಲಿ 60 ಲಕ್ಷ ರಾಯನ ಬೊಕ್ಕಸಕ್ಕೆ. ಉಳಿದಿದ್ದರಲ್ಲಿ 6 ಲಕ್ಷ ಕಾಲಾಳು, 24 ಸಾವಿರ ಕುದುರೆ ಸಾಕಬೇಕು. ಪರದೇಶಿ ಬರೆದ ಅಂಕಿ, ಸ್ವಲ್ಪ ಹೆಚ್ಚು ಕಡಿಮೆ ಇರಬಹುದು. ಆದರೂ ನಾಯಕನ ಕೈಯಲ್ಲಿ ದಂಗೆ ಏಳುವಷ್ಟು ದುಡ್ಡು ಉಳಿಯದ ಹಾಗೆ ನೋಡಿಕೊಳ್ಳುವ ಲೆಕ್ಕಾಚಾರ ಇದರಲ್ಲಿ ಕಾಣುತ್ತೆ.

ಕುದುರೆಯಲ್ಲೂ ಲೆಕ್ಕ

ಆಗಿನ ಕಾಲಕ್ಕೆ ಯುದ್ಧದ ಕುದುರೆ ಅಂದ್ರೆ ಈಗಿನ ಟ್ಯಾಂಕ್ ಇದ್ದ ಹಾಗೆ. ಒಳ್ಳೇ ತಳಿ ಸಮುದ್ರ ದಾಟಿಯೇ ಬರಬೇಕಿತ್ತು. ನೂನಿಜ್ ಹೇಳುವಂತೆ, ರಾಯ ವರ್ಷಕ್ಕೆ 13 ಸಾವಿರ ಕುದುರೆ ಕೊಳ್ಳುತ್ತಿದ್ದ. ಉತ್ತಮವಾದವು ತನ್ನ ಲಾಯಕ್ಕೆ. ಉಳಿದ ನಾಡತಳಿ ಕುದುರೆಗಳನ್ನು ಸಾವಿರ ವರಹಕ್ಕೆ ಐದರಂತೆ ನಾಯಕರಿಗೆ ಮಾರುತ್ತಿದ್ದ. ದುಡ್ಡನ್ನು ಸೆಪ್ಟೆಂಬರ್ ಒಳಗೆ ಕಟ್ಟಲೇಬೇಕು. ಬಂದ ಹಣದಲ್ಲೇ ಪೋರ್ಚುಗೀಸರ ಹತ್ತಿರ ಅರಬ್ಬಿ ಕುದುರೆ ಖರೀದಿ! ಬೊಕ್ಕಸದಿಂದ ಒಂದು ಕಾಸೂ ಖರ್ಚಿಲ್ಲ, ಒಳ್ಳೇ ಕುದುರೆಯೂ ರಾಯನ ಬಳಿಯೇ.

ಕೋಟೆ, ಸ್ವಂತ ದಂಡು, ರಾಜಧಾನಿಯ ಕಣ್ಣು

- ಆಯಕಟ್ಟಿನ ಕೋಟೆಗಳನ್ನು ಬ್ರಾಹ್ಮಣ ಅಧಿಕಾರಿಗಳಿಗೆ ವಹಿಸಬೇಕು ಎಂದು ಕೃಷ್ಣದೇವರಾಯ ತನ್ನ ತೆಲುಗು ಕಾವ್ಯ 'ಆಮುಕ್ತಮಾಲ್ಯದ'ದ ರಾಜನೀತಿ ಭಾಗದಲ್ಲಿ ಹೇಳಿದ್ದಾನೆ. 1515ರಲ್ಲಿ ಗೆದ್ದ ಕೊಂಡವೀಡು ಮಂತ್ರಿ ಸಾಳುವ ತಿಮ್ಮರಸನ ಸುಪರ್ದಿಗೆ ಹೋಯಿತು.
- ನಾಯಕರ ಸೈನ್ಯದ ಮೇಲಷ್ಟೇ ನಂಬಿಕೆ ಇಡದೆ, ನೇರ ಸಂಬಳದ ದಂಡನ್ನೂ ಇಟ್ಟುಕೊಂಡಿದ್ದ.
- ಪ್ರತಿ ನಾಯಕನ ಪರವಾಗಿ ಒಬ್ಬ ಕಾರ್ಯದರ್ಶಿ ಅರಮನೆಯಲ್ಲಿ ಇರುತ್ತಿದ್ದ. ಅರಮನೆಯ ಸುದ್ದಿ ನಾಯಕನಿಗೆ ತಲುಪುತ್ತಿತ್ತು, ನಾಯಕನಿಗೆ ಹೇಳಬೇಕಾದ್ದನ್ನು ಹೇಳೋಕೆ ರಾಯನಿಗೂ ಒಬ್ಬ ಸಿಗುತ್ತಿದ್ದ.

ಮಾತು ಕೇಳದಿದ್ದರೆ?

ಉಮ್ಮತ್ತೂರಿನ ಗಂಗರಾಜನ ಕಥೆಯೇ ಇದಕ್ಕೆ ಸಾಕ್ಷಿ. ಅವನು ತಿರುಗಿಬಿದ್ದಾಗ, ಪಟ್ಟಕ್ಕೆ ಬಂದ ಹೊಸದರಲ್ಲೇ ಕೃಷ್ಣದೇವರಾಯ ದಂಡೆತ್ತಿ ಹೋದ. ಶಿವನಸಮುದ್ರದ ಕೋಟೆ ಬಿತ್ತು, ಶ್ರೀರಂಗಪಟ್ಟಣ ರಾಯನ ಆಡಳಿತಕ್ಕೆ ಬಂತು. ಉಳಿದ ಪಾಳೆಯಗಾರರಿಗೂ ಅದೇ ಎಚ್ಚರಿಕೆ. ಮುಂದೆ ಅಳಿಯ ರಾಮರಾಯನ ಕಾಲದಲ್ಲಿ, ಸ್ವಂತ ನಾಣ್ಯ ಹಾಕಿಸಿದ ತಪ್ಪಿಗೆ ಬೆಂಗಳೂರು ಕಟ್ಟಿದ ಕೆಂಪೇಗೌಡನನ್ನು ನಮ್ಮ ಪಕ್ಕದ ಆನೆಗೊಂದಿಯಲ್ಲಿ ಸೆರೆಯಲ್ಲಿ ಇಟ್ಟಿದ್ದರು ಎಂಬ ಹೇಳಿಕೆಯೂ ಇದೆ.

ಬೆಲೆ ತೆತ್ತಿದ್ದು ರೈತ

ಇಷ್ಟೆಲ್ಲ ಹೊರೆ ಕೊನೆಗೆ ಯಾರ ತಲೆ ಮೇಲೆ? ರಾಯ ನಾಯಕನನ್ನು ಹಿಂಡಿದರೆ, ನಾಯಕ ಊರನ್ನು ಹಿಂಡುತ್ತಿದ್ದ. ಭೂಮಿ ಹಿಡಿದವರ ದಬ್ಬಾಳಿಕೆಯಿಂದ ಸಾಮಾನ್ಯ ಜನ ಬಹಳ ಕಷ್ಟ ಪಡ್ತಿದ್ದಾರೆ ಎಂದು ನೂನಿಜ್ ಸ್ಪಷ್ಟವಾಗಿ ಬರೆದಿದ್ದಾನೆ. ಹಂಪಿಯ ವೈಭವ ಹೇಳುವಾಗ ಈ ಮಾತನ್ನೂ ಮರೀಬಾರದು.

ಹಿಡಿತ ಸಡಿಲಾದಾಗ

ಈ ವ್ಯವಸ್ಥೆ ನಿಂತಿದ್ದು ಗಟ್ಟಿ ದೊರೆಯ ಮೇಲೆ. ಅಚ್ಯುತರಾಯನ ಕಾಲದಲ್ಲೇ ತಮಿಳು ಸೀಮೆಯ ಪ್ರಬಲ ನಾಯಕ ಸಾಳುವ ವೀರನರಸಿಂಹ ದಂಗೆ ಎದ್ದ. 1565ರ ತಾಳಿಕೋಟೆ ಕದನದ ನಂತರ ರಾಜಧಾನಿಯೇ ಹಾಳಾಯಿತು. ಮಧುರೆ, ತಂಜಾವೂರು, ಇಕ್ಕೇರಿ ನಾಯಕರು ಕ್ರಮೇಣ ಸ್ವತಂತ್ರರಾದರು. 1610ರಲ್ಲಿ ಮೈಸೂರಿನ ರಾಜ ಒಡೆಯರು ಶ್ರೀರಂಗಪಟ್ಟಣವನ್ನೇ ವಶ ಮಾಡಿಕೊಂಡರು. ಒಂದು ಶತಮಾನದ ಹಿಂದೆ ಕೃಷ್ಣದೇವರಾಯ ಗಂಗರಾಜನಿಂದ ಕಿತ್ತುಕೊಂಡಿದ್ದ ಅದೇ ಊರು!

ಮುಂದಿನ ಸಲ ಮಹಾನವಮಿ ದಿಬ್ಬಕ್ಕೆ ಹೋದಾಗ, ಗೋಡೆ ಮೇಲಿನ ಕುದುರೆ, ಆನೆಗಳ ಸಾಲನ್ನು ಸ್ವಲ್ಪ ನಿಂತು ನೋಡಿ. ಅವುಗಳ ಹಿಂದೆ ಇಂಥದ್ದೊಂದು ಲೆಕ್ಕ ಇತ್ತು.