ತಗಡಿನ ಡೋಲು, ಕಿರಾಣಿ ಅಂಗಡಿ

ಅಕ್ಕಾರ, ವೈನಿ, ಈ ಸಲ ಅಡಗಿ ಬಿಟ್ಟು ಇತಿಹಾಸ ಬರೀಲಿಕತ್ತೇನಿ. ಆದ್ರ ಇದ್ರಾಗೂ ಅಡಗಿಮನಿ ಬರ್ತದ, ಓದ್ರಿ.

ಬಾಲ್ಟಿಕ್ ಸಮುದ್ರದ ದಂಡಿಗೆ ಡಾನ್‌ಜಿಗ್ ಅಂತ ಊರು. ಈಗ ಪೋಲೆಂಡಿನಾಗ ಅದ, ಹೆಸರು ಗ್ದಾನ್‌ಸ್ಕ್. ಮೊದಲನೇ ಮಹಾಯುದ್ಧ ಆದ ಮ್ಯಾಲೆ 1920ರಾಗ ಅದನ್ನ ಜರ್ಮನಿಗೂ ಕೊಡಲಿಲ್ಲ, ಪೋಲೆಂಡಿಗೂ ಕೊಡಲಿಲ್ಲ, ‘ಸ್ವತಂತ್ರ ನಗರ’ ಅಂತ ಇಟ್ರು. ಅಲ್ಲಿ ಜರ್ಮನ್ನರು ಹೆಚ್ಚು, ಜೋಡಿಗೆ ಪೋಲರು, ಕಶೂಬಿಯನ್ನರು, ಯಹೂದಿಗಳು. ಅಲ್ಲೇ 1927ರಾಗ ಕಿರಾಣಿ ಅಂಗಡಿಯವರ ಮನ್ಯಾಗ ಗುಂಟರ್ ಗ್ರಾಸ್ ಹುಟ್ಟಿದ. 1959ರಾಗ ಅವ ಬರೆದದ್ದು ‘ತಗಡಿನ ಡೋಲು’. ಇಂಗ್ಲಿಷ್ ಅನುವಾದ ಮಗಳ ಕಪಾಟಿನ್ಯಾಗಿತ್ತು. ದಪ್ಪ ಪುಸ್ತಕ, ಕೆಲವು ಕಡೆ ಹೊಟ್ಟಿ ತೊಳಸ್ತದ. ಆದ್ರೂ ಮುಗಿಸಿದೆ.

ಕತಿ ಹೇಳಾಂವ ಆಸ್ಕರ್. ಮೂರನೇ ಹುಟ್ಟಿದ ದಿನಕ್ಕ ಅವ್ವ ಕೆಂಪು–ಬಿಳಿ ತಗಡಿನ ಡೋಲು ಕೊಡ್ತಾಳ. ದೊಡ್ಡವರನ್ನ ನೋಡಿ ಹೇಸಿ, ಇನ್ನ ನಾ ಬೆಳೆಯೂದಿಲ್ಲ ಅಂತ ನಿಶ್ಚಯ ಮಾಡಿ, ನೆಲಮಾಳಿಗಿ ಮೆಟ್ಟಲ ಮ್ಯಾಲಿಂದ ಬೇಕಂತನ ಬೀಳ್ತಾನ. ಮಂದಿಗೆ ಒಂದು ಕಾರಣ ಬೇಕಲ್ಲ! ಬಾಗಲಾ ತೆರೆದಿಟ್ಟಾಂವ ಗಂಡ ಅಂತ ಅವ್ವ ಸಾಯೂತನಕ ಅವನನ್ನ ಬೈತಾಳ. ಹುಡುಗ ಮೂರು ವರ್ಷದ ಎತ್ತರದಾಗ ಉಳೀತಾನ, ಬುದ್ಧಿ ಮಾತ್ರ ದೊಡ್ಡವರದ್ದು. ಕೂಸಿನ ಮುಂದ ಯಾರೂ ಏನೂ ಮುಚ್ಚಿಡೂದಿಲ್ಲಲ್ಲ. ಮೇಜಿನ ಕೆಳಗ ಕೂತು ಎಲ್ಲಾ ನೋಡ್ತಾನ.

ಅಪ್ಪ ಮಾಟ್ಸೆರಾತ್ ಛಲೋ ಅಡಗಿ ಮಾಡ್ತಾನ, ಅವನ ಸೂಪಿನ ವರ್ಣನೆ ಓದಿ ನಂಗ ಹಸಿವಾತು. ಕೆಟ್ಟಾಂವ ಅಲ್ಲ. ಆದ್ರ 1934ರಾಗ ನಾಜಿ ಪಕ್ಷ ಸೇರ್ತಾನ. ಸಮವಸ್ತ್ರ ಒಮ್ಮೆಲೆ ಕೊಳ್ಳೂದಿಲ್ಲ, ಮೊದಲು ಟೊಪ್ಪಿಗಿ, ಆಮ್ಯಾಲೆ ಅಂಗಿ, ಹಿಂಗ ಒಂದೊಂದ. ಪಿಯಾನೋ ಮ್ಯಾಲಿನ ಬೀಥೋವನ್ ಪಟ ತೆಗೆದು ಅದೇ ಮಳೀಗೆ ಹಿಟ್ಲರನ ಪಟ. ಅವ್ವ ಹಟ ಹಿಡಿದು ಬೀಥೋವನ್ ಪಟಾನೂ ಖೋಲಿಯೊಳಗ ಉಳಿಸ್ಕೋತಾಳ, ಇಬ್ಬರೂ ಎದುರಾಬದುರಾ ಆಗ್ತಾರ. ಇತಿಹಾಸದ ಪುಸ್ತಕದಾಗ ಇದನ್ನ ಯಾರು ಬರೀತಾರ? ಮಳಿ ಒಂದ, ಪಟ ಬ್ಯಾರೆ. ಊರಿಗೆ ಊರೇ ಹಂಗ ಬದಲಾತು.

ಡೋಲು ಮಾರೂ ಮಾರ್ಕುಸ್ ಯಹೂದಿ. 1938ರ ನವೆಂಬರಿನಾಗ ಯಹೂದಿಗಳ ಅಂಗಡಿ, ಪ್ರಾರ್ಥನಾ ಮಂದಿರ ಒಡೆದು ಸುಟ್ಟಾಗ ಅವನ ಆಟಿಗಿ ಅಂಗಡೀಗೂ ನುಗ್ತಾರ. ಅಷ್ಟರೊಳಗ ಅವ ತನ್ನ ಜೀವಾ ತಾನ ತಕ್ಕೊಂಡಿರ್ತಾನ. ಈ ಪುಟ ಓದಿ ನಾ ಪುಸ್ತಕ ಮುಚ್ಚಿ ಸುಮ್ಮನ ಕೂತೆ.

1939ರ ಸೆಪ್ಟೆಂಬರ್ 1ರ ಮುಂಜಾನೆ ಜರ್ಮನ್ನರು ಅಲ್ಲಿಯ ಪೋಲಿಷ್ ಅಂಚೆ ಕಚೇರಿ ಮ್ಯಾಲೆ ಬಿದ್ರು. ಇದು ಖರೇನ ಆದದ್ದು. ಅಂಚೆಯವರು ಇಡೀ ದಿನ ಕಾದಾಡಿ ಸಂಜೀಗೆ ಶರಣಾದ್ರು, ಸೆರೆಸಿಕ್ಕವರನ್ನ ಅಕ್ಟೋಬರಿನಾಗ ಗುಂಡಿಟ್ಟು ಕೊಂದ್ರು. ಅವರೊಳಗ ಗ್ರಾಸನ ತಾಯಿ ಕಡೆಯ ಸಂಬಂಧಿಕನೂ ಒಬ್ಬ. ಕಾದಂಬರಿಯೊಳಗ ಅವನ ಜಾಗಾದಾಗ ಅವ್ವನ ಪ್ರೀತಿಯ ಯಾನ್ ಬ್ರೊನ್‌ಸ್ಕಿ ಬರ್ತಾನ. ಅವನನ್ನ ಅಲ್ಲಿಗೆ ಎಳಕೊಂಡು ಹೋದಾಂವ ಇದೇ ಆಸ್ಕರ್, ಡೋಲು ರಿಪೇರಿ ಮಾಡಿಸ್ಲಿಕ್ಕೆ! ಕೂಸೂ ನಿರಪರಾಧಿ ಅಲ್ಲ ಅನ್ನೂದ ಈ ಕತಿಯ ಕಹಿ. ರಷ್ಯನ್ನರು ಬಂದಾಗ ಅಪ್ಪ ಮುಚ್ಚಿಡಬೇಕಂತಿದ್ದ ಪಕ್ಷದ ಬಿಲ್ಲೆನ ಪಿನ್ ತೆರೆದು ಮತ್ತ ಅವನ ಕೈಗೆ ಕೊಡಾಂವನೂ ಆಸ್ಕರನ. ಅಪ್ಪ ಅದನ್ನ ನುಂಗಲಿಕ್ಕೆ ಹೋಗಿ ಸಾಯ್ತಾನ.

ಯುದ್ಧ ಮುಗಿದ ಮ್ಯಾಲೆ ಒಂದು ಹೋಟೆಲು ಬರ್ತದ, ಉಳ್ಳಾಗಡ್ಡಿ ನೆಲಮಾಳಿಗಿ. ರೊಕ್ಕಾ ಕೊಟ್ಟು ಬಂದವರಿಗೆ ಊಟ ಇಲ್ಲ, ಹಲಗಿ, ಚಾಕು, ಒಂದು ಉಳ್ಳಾಗಡ್ಡಿ. ಹೆಚ್ಚಿಕೋತ ಅಳಬೇಕು. ಬ್ಯಾರೆ ರೀತಿ ಅವರಿಗೆ ಅಳು ಬರ್ತಿದ್ದಿಲ್ಲ.

ಗ್ರಾಸಗ 1999ರಾಗ ನೊಬೆಲ್ ಬಂತು. ದೇಶದವರೆಲ್ಲಾ ಹಳೇದನ್ನ ಮುಚ್ಚಿಡ್ತಾರ ಅಂತ ಜನ್ಮಪೂರ್ತಿ ಬೈದಾಂವ, 2006ರಾಗ, 78ನೇ ವಯಸ್ಸಿನ್ಯಾಗ, ತಾನೂ 17ರ ಹುಡುಗಿದ್ದಾಗ ಹಿಟ್ಲರನ ವಾಫೆನ್ ಎಸ್‌ಎಸ್ ಪಡೆಯೊಳಗ ಇದ್ದೆ ಅಂತ ಹೇಳಿದ. ಇಷ್ಟು ತಡಾ ಯಾಕ ಅಂತ ನಂಗೂ ಸಿಟ್ಟು ಬಂತು. ಗ್ದಾನ್‌ಸ್ಕಿನ ಲೆಖ್ ವಾಲೆಸಾ, ಊರಿನ ಗೌರವ ನಾಗರಿಕತ್ವ ವಾಪಸ್ ಕೊಡು ಅಂದ್ರು. ಗ್ರಾಸ್ ಊರಿನ ಮೇಯರಿಗೆ ಪತ್ರ ಬರೆದು ಎಲ್ಲಾ ಬಿಡಿಸಿ ಹೇಳಿದ ಮ್ಯಾಲೆ ಆ ಮಾತು ಹಿಂದ ತೊಗೊಂಡ್ರು.