ರೆಕ್ಕೆ ಸೊಟ್ಟಾದರೆ ಮೋಟರ್ ಏನು ಮಾಡೀತು?

ಊರಿಗೆ ಹೋದಾಗ ನನ್ನ ರಿಮೋಟ್ ವಿಮಾನ ನೋಡಿದವರು ಕೇಳೋದು ಒಂದೇ ಪ್ರಶ್ನೆ: ಮೋಟರ್ ಎಷ್ಟು ಪವರ್ರಿಂದು? ಚಿಕ್ಕೋಡಿ ಇರಲಿ, ರಾಯಬಾಗ ಇರಲಿ, ಅಥಣಿ ಇರಲಿ, ರೆಕ್ಕೆ ಹೆಂಗ ಕೂರಿಸಿದಿ ಅಂತ ಯಾರೂ ಕೇಳೋದಿಲ್ಲ. ಆದರೆ ಹಾರಾಟದ ಇತಿಹಾಸ ಶುರುವಾಗಿದ್ದು ಮೋಟರ್‌ನಿಂದ ಅಲ್ಲ, ಜೋಡಣೆಯಿಂದ.

1804ರಲ್ಲಿ ಇಂಗ್ಲೆಂಡಿನ ಜಾರ್ಜ್ ಕೇಲಿ ಒಂದು ಕೋಲಿಗೆ ಗಾಳಿಪಟವನ್ನೇ ರೆಕ್ಕೆಯಾಗಿ ಕಟ್ಟಿದ. ಹಿಂದೆ ಬೇಕಾದಂತೆ ತಿರುಗಿಸಬಹುದಾದ ಬಾಲ, ಮುಂದೆ ಸರಿಸಿ ನೋಡಲು ಒಂದು ತೂಕ. ಎಂಜಿನ್ನೇ ಇಲ್ಲದ ಆ ಪುಟ್ಟ ಮಾದರಿ ಗಾಳಿಯಲ್ಲಿ ತೇಲಿತು. 1871ರ ಆಗಸ್ಟ್ 18ರಂದು ಪ್ಯಾರಿಸ್ಸಿನ ತೋಟವೊಂದರಲ್ಲಿ ಅಲ್ಫೋನ್ಸ್ ಪೆನೋ ರಬ್ಬರ್ ತಿರುಚಿ ಹಾರಿಸಿದ ಮಾದರಿ 11 ಸೆಕೆಂಡಿನಲ್ಲಿ ಸುಮಾರು 40 ಮೀಟರ್ ಹೋಯಿತು. ಗುಟ್ಟು ರಬ್ಬರಿನಲ್ಲಿ ಇರಲಿಲ್ಲ. ಬಾಲದ ಹಲಗೆಯನ್ನು ಅವನು ರೆಕ್ಕೆಗಿಂತ ಕಡಿಮೆ ಕೋನದಲ್ಲಿ ಕೂರಿಸಿದ್ದ. ಮೂಗು ಕೆಳಗಾದರೆ ವೇಗ ಏರುತ್ತದೆ, ಗಾಳಿ ಬಾಲವನ್ನು ಕೆಳಗೆ ಒತ್ತುತ್ತದೆ, ಮೂಗು ತಾನಾಗಿಯೇ ಮೇಲೆ ಬರುತ್ತದೆ. 1937ರಲ್ಲಿ ಅಮೆರಿಕದ ವಾಲ್ಟರ್ ಮತ್ತು ವಿಲಿಯಂ ಗುಡ್ ಎಂಬ ಅಣ್ಣತಮ್ಮಂದಿರು ರೇಡಿಯೋದಿಂದ ವಿಮಾನ ನಡೆಸಿ ತೋರಿಸಿದಾಗಲೂ ಈ ಲೆಕ್ಕ ಬದಲಾಗಲಿಲ್ಲ. ರೇಡಿಯೋ ಸಿಗ್ನಲ್ ಸೊಟ್ಟ ರೆಕ್ಕೆಯನ್ನು ನೆಟ್ಟಗೆ ಮಾಡೋದಿಲ್ಲ ನೋಡ್ರಿ.

ಲೆಕ್ಕ ಎಷ್ಟು ಸೂಕ್ಷ್ಮ ಅಂದರೆ, 200 ಮಿಲಿಮೀಟರ್ ಅಗಲದ ರೆಕ್ಕೆಯಲ್ಲಿ 1 ಡಿಗ್ರಿ ಅಂದರೆ ಬರೀ 3.5 ಮಿಲಿಮೀಟರ್. ಎಡಗಡೆ ಒಂದು ಪದರ ಅಂಟು ಹೆಚ್ಚಾದರೂ ವಿಮಾನ ಒಂದು ಕಡೆ ವಾಲುತ್ತದೆ. ಅದಕ್ಕೇ ಅಂಟು ಹಾಕೋ ಮೊದಲು ಬಾಲದ ನಡುವಿನಿಂದ ಎರಡೂ ರೆಕ್ಕೆಯ ತುದಿಗೆ ದಾರ ಹಿಡಿಯಬೇಕು, ಎರಡೂ ಅಳತೆ ಒಂದೇ ಬರಬೇಕು. ಹಿಂದೆ ನಿಂತು ನೋಡಿದರೆ ರೆಕ್ಕೆ, ಬಾಲ ಒಂದೇ ಸಮ ಕಾಣಬೇಕು. ನಿಂತ ಬಾಲಕ್ಕೆ ಮೂಲೆಮಟ್ಟ ಹಚ್ಚಬೇಕು. ಮೊದಲ ಮಹಾಯುದ್ಧದ ಕಾಲದ ಎರಡು ರೆಕ್ಕೆಯ ವಿಮಾನಗಳನ್ನೂ ಮೆಕ್ಯಾನಿಕ್‌ಗಳು ಹೀಗೇ ತೂಗುಗುಂಡು, ದಾರ, ರಸಮಟ್ಟ ಇಟ್ಟುಕೊಂಡು ತಂತಿ ಬಿಗಿದು ಸರಿಮಾಡುತ್ತಿದ್ದರು.

ಈ ಸಾಮಾನು ನಮಗೇನು ಹೊಸದಲ್ಲ. ನಮ್ಮ ಬಡಿಗೇರು ಕೂರಿಗಿ ಮಾಡುವಾಗ ದಿಂಡಿನ ಎರಡೂ ತುದಿಯಿಂದ ನೊಗದ ನಡುವಿಗೆ ಹಗ್ಗ ಹಿಡಿದು ನೋಡುತ್ತಾರೆ. ಅಳತೆ ತಪ್ಪಿದರೆ ಕೂರಿಗಿ ಓರೆ ಎಳೆಯುತ್ತದೆ, ಸಾಲು ಸೊಟ್ಟಾಗುತ್ತದೆ. ನನ್ನ ವಿಮಾನದ ದಾರ ಅಳೆಯೋದೂ ಅದೇ ತ್ರಿಕೋನವನ್ನೇ.

ವಿಮಾನ ಅಂದರೆ ಹೊರಗಿನವರ ವಿದ್ಯೆ ಅಂತ ನಾವು ಸುಮ್ಮನೆ ಅಂದುಕೊಂಡಿದ್ದೇವೆ. ನಿಪ್ಪಾಣಿ, ಸಂಕೇಶ್ವರದಿಂದ ದೂರವೇನಿಲ್ಲದ ಗಡಹಿಂಗ್ಲಜ ತಾಲೂಕಿನ ಹಸೂರಚಂಪು ಎಂಬ ಹಳ್ಳಿಯಲ್ಲಿ 1908ರಲ್ಲಿ ವಿಷ್ಣು ಮಾಧವ ಘಾಟಗೆ ಹುಟ್ಟಿದರು. ಜರ್ಮನಿಯ ಗಟಿಂಗನ್‌ನಲ್ಲಿ ಲುಡ್ವಿಗ್ ಪ್ರಾಂಟಲ್ ಅವರ ಹತ್ತಿರ ಕಲಿತು, ಬೆಂಗಳೂರಿಗೆ ಬಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸೇರಿದರು. 1942ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಮಾನ ವಿಭಾಗ ಶುರುವಾದಾಗ ಮುಂದೆ ನಿಂತವರು ಅವರೇ. ಅವರ ತಂಡ ವಿನ್ಯಾಸ ಮಾಡಿದ ಎಚ್‌ಟಿ-2 ತರಬೇತಿ ವಿಮಾನ 1951ರ ಆಗಸ್ಟ್ 5ರಂದು ಬೆಂಗಳೂರಿನಲ್ಲಿ ಮೊದಲ ಬಾರಿ ಹಾರಿತು. ಅಂಥವು 150ಕ್ಕೂ ಹೆಚ್ಚು ತಯಾರಾದವು, ಘಾನಾ ದೇಶಕ್ಕೂ ಹೋದವು. ನಮ್ಮ ವಾಯುಪಡೆಯ ಎಷ್ಟೋ ಪೈಲಟ್‌ಗಳು ಹಾರೋದು ಕಲಿತಿದ್ದು ಅದರಲ್ಲೇ.

ಇಷ್ಟು ಹತ್ತಿರದವರ ಹೆಸರು ನಾನು ಶಾಲೆಯಲ್ಲಿ ಒಮ್ಮೆಯೂ ಕೇಳಲಿಲ್ಲ. ಕೇಳಿದ್ದು ಬೆಂಗಳೂರಿಗೆ ನೌಕರಿಗೆ ಬಂದ ಮೇಲೆ. ಹಳ್ಳಿ ಗಡಿಯ ಆ ಕಡೆಯದೋ ಈ ಕಡೆಯದೋ ಅಂತ ನಾವು ಬಹಳ ಅಳೆದಿದ್ದೇವೆ. ಇನ್ನು ಮಕ್ಕಳ ಕೈಗೆ ಒಂದು ಥರ್ಮಾಕೋಲ್ ಹಾಳೆ, ಒಂದು ದಾರ ಕೊಟ್ಟು ರೆಕ್ಕೆ ಅಳೆಯೋದು ಕಲಿಸೋಣ. ಮೋಟರ್ ಆಮೇಲೆ ತಂದರಾಯಿತು.